ಹೆಗಲ ಮೇಲೆ ಕೈಯಿಟ್ಟು ಓದು

ಮಗಳೇ,

ಮೆಡಿಕಲ್ ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ನಿನಗೆ ಹೆಗಲು ಎದುರಾಗುತ್ತದೆ. ನಮ್ಮ ಕಡೆಯ ಬಹುತೇಕ ಕಾಲೇಜುಗಳಲ್ಲಿ ಡಿಸೆಕ್ಷನ್ ಶುರುವಾಗುವುದೇ ಎದೆಯ ಮುಂಭಾಗ, ಕಂಕುಳು, ತೋಳುಗಳಿಂದ. ಚೌರಾಸಿಯಾ ಅನಾಟಮಿ ಪುಸ್ತಕದ ಮೊದಲ ಸಂಪುಟವೂ ಅಲ್ಲಿಂದಲೇ ಆರಂಭ. ಹಾಲ್ ಒಳಗೆ ಕಾಲಿಟ್ಟರೆ ಫಾರ್ಮಲಿನ್‌ಗೆ ಕಣ್ಣು ಉರಿಯುತ್ತದೆ, ಮೊದಮೊದಲು ಊಟ ಸೇರುವುದಿಲ್ಲ, ಆಮೇಲೆ ತಾನಾಗಿ ಸರಿಹೋಗುತ್ತದೆ. ಅದಕ್ಕೆ ದೊಡ್ಡಪ್ಪನ ಬುದ್ಧಿಮಾತು ಬೇಕಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ಟೇಬಲ್ ಮೇಲೆ ಮಲಗಿರುವವರ ತೋಳನ್ನು ಪಕ್ಕಕ್ಕೆ ಚಾಚಿ ಹಲಗೆಗೆ ಕಟ್ಟುತ್ತಾರೆ, ಕಂಕುಳು ಬಿಡಿಸಲು ಜಾಗ ಬೇಕಲ್ಲ. ಫಾರ್ಮಲಿನ್ ಕುಡಿದು ಬಿಗಿದ ಆ ಹೆಗಲು ಸುಲಭಕ್ಕೆ ಮಿಸುಕುವುದಿಲ್ಲ. ಇಡೀ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚು ಆಡುವ ಕೀಲನ್ನು ಅದು ಆಡದಿರುವಾಗ ಕಲಿಯಲು ಹೊರಟಿದ್ದೀಯ. ಅಲ್ಲಿ ನಿನಗೆ ಭಾಗಗಳು ಸಿಗುತ್ತವೆ, ಅವು ಮಾಡುವ ಕೆಲಸ ಸಿಗುವುದಿಲ್ಲ. ಅದಕ್ಕೇ, ಸಂಜೆ ಹಾಸ್ಟೆಲಿಗೆ ಬಂದು ಪುಸ್ತಕ ತೆಗೆದಾಗ ನಿನ್ನದೇ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡು ಓದು.

ಕಾಲರ್ ಬೋನಿನಿಂದ ಶುರು ಮಾಡು. ಕತ್ತಿನ ಬುಡದ ಗುಳಿಯಿಂದ ಬೆರಳನ್ನು ಹೊರಕ್ಕೆ ಜಾರಿಸಿಕೊಂಡು ಹೋಗು. ಮೂರರಲ್ಲಿ ಎರಡು ಪಾಲು ಮುಂದಕ್ಕೆ ಉಬ್ಬಿದೆ, ಹೊರಗಿನ ಒಂದು ಪಾಲು ಹಿಂದಕ್ಕೆ ಬಾಗಿದೆ. ಈ ಎರಡು ಬಾಗು ಕೂಡುವಲ್ಲಿ ಬೆರಳು ನಿಲ್ಲಿಸು. ಬೈಕಿನಿಂದ ಬಿದ್ದವರದಾಗಲಿ, ಜಾರಿ ಕೈಯೂರಿದ ಮಕ್ಕಳದಾಗಲಿ, ಕ್ಲಾವಿಕಲ್ ಮುರಿಯುವುದು ಹೆಚ್ಚಾಗಿ ಇಲ್ಲಿ. ಇಡೀ ತೋಳಿಗೂ ಮುಂಡಕ್ಕೂ ಎಲುಬಿನ ಸಂಬಂಧ ಅಂತ ಇರುವುದು ಇದೊಂದೇ, ಮಿಕ್ಕಿದ್ದೆಲ್ಲ ಬರೀ ಸ್ನಾಯುವಿನ ಕಟ್ಟು. ಹಾಗಾಗಿ ಇದು ಮುರಿದರೆ ತೋಳಿನ ಭಾರ ಕೆಳಕ್ಕೆ ಜಗ್ಗುತ್ತದೆ. ರೋಗಿ ಇನ್ನೊಂದು ಕೈಯಲ್ಲಿ ಮೊಣಕೈಯನ್ನು ಎತ್ತಿ ಹಿಡಿದುಕೊಂಡು, ತಲೆಯನ್ನು ಆ ಕಡೆಗೇ ವಾಲಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಎಕ್ಸ್‌ರೇಗೆ ಮೊದಲೇ ನಿನಗೆ ಗೊತ್ತಾಗಿರಬೇಕು. ಇನ್ನೊಂದು ವಿಷಯ: ಗರ್ಭದಲ್ಲಿ ಎಲ್ಲ ಎಲುಬುಗಳಿಗಿಂತ ಮೊದಲು, 5-6ನೇ ವಾರದಲ್ಲೇ, ಗಟ್ಟಿಯಾಗಲು ಶುರುವಾಗುವುದು ಈ ಕ್ಲಾವಿಕಲ್. ಆದರೆ ಅದರ ಒಳತುದಿ ಪೂರ್ತಿ ಕೂಡಿಕೊಳ್ಳುವುದು ಇಪ್ಪತ್ತು ದಾಟಿದ ಮೇಲೆ. ನಿನಗೀಗ 18. ಕೈಯಲ್ಲಿ ಹಿಡಿದು ಓದುವ ಎಲುಬಿಗಿಂತ ನಿನ್ನೊಳಗಿನದು ಇನ್ನೂ ಎಳೆಯದು.

ಬೆರಳನ್ನು ಹಾಗೇ ಮುಂದುವರಿಸಿದರೆ ಹೆಗಲ ತುದಿಯ ಚಪ್ಪಟೆ ಎಲುಬು ಸಿಗುತ್ತದೆ, ಅದು ಅಕ್ರೋಮಿಯಾನ್. ಅಲ್ಲಿಂದ ಬೆನ್ನ ಕಡೆಗೆ ಹೊರಳಿದರೆ ಸ್ಕ್ಯಾಪುಲಾದ, ಅಂದರೆ ಹೆಗಲ ಹಲಗೆಯ, ಏಣು. ಮುಂದೆ, ಕಾಲರ್ ಬೋನಿನ ಹೊರಭಾಗದ ಕೆಳಗೆ ಆಳಕ್ಕೆ ಒತ್ತಿದರೆ ಕೊರಕಾಯ್ಡ್ ಎಂಬ ಮೊನೆ. ಒತ್ತಿದರೆ ನೋಯುತ್ತದೆ, ಎಲ್ಲರಿಗೂ ನೋಯುತ್ತದೆ. ಮುಂದೆ ರೋಗಿಯೊಬ್ಬರು ಅಲ್ಲಿ ನೋವೆಂದರೆ ಇನ್ನೊಂದು ಕಡೆಯೂ ಒತ್ತಿ ನೋಡದೆ ಕಾಯಿಲೆಗೆ ಹೆಸರಿಡಬೇಡ.

ಇನ್ನು ಕೀಲು. ಶಾಲೆಯ ಕ್ರೀಡಾಕೂಟದಲ್ಲಿ ಬಾಯಲ್ಲಿ ಚಮಚ ಕಚ್ಚಿ ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದೀಯಲ್ಲ, ರಟ್ಟೆಯೆಲುಬಾದ ಹ್ಯೂಮರಸ್‌ನ ತಲೆ ಸ್ಕ್ಯಾಪುಲಾದ ಗ್ಲೆನಾಯ್ಡ್ ಎಂಬ ಗುಳಿಯ ಮೇಲೆ ಕೂತಿರುವುದು ಹೆಚ್ಚುಕಡಿಮೆ ಹಾಗೆ. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ತಲೆ ಆಳವಾದ ಗುಳಿಯೊಳಗೆ ಹುದುಗಿರುತ್ತದೆ. ಇಲ್ಲಿ ಯಾವ ಗಳಿಗೆಯಲ್ಲಾದರೂ ತಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗುಳಿಗೆ ತಾಗುವುದೇ ಇಲ್ಲ. ಅಂಚಿಗೆ ಲೇಬ್ರಮ್ ಎಂಬ ನಾರಿನ ದಿಂಡು ಇದೆ, ಗುಳಿಯನ್ನು ಒಂದಿಷ್ಟು ಆಳ ಮಾಡುತ್ತದೆ. ಕೈ ಎಲ್ಲ ದಿಕ್ಕಿಗೂ ಚಾಚಬೇಕು, ಬೆನ್ನನ್ನೂ ತುರಿಸಬೇಕು, ಮರದ ಕೊಂಬೆಯನ್ನೂ ಹಿಡಿಯಬೇಕು ಎಂದರೆ ಇಷ್ಟು ಸಡಿಲ ಇರಲೇಬೇಕು. ಹೆಗಲಿನ ಕಾಯಿಲೆಗಳಲ್ಲಿ ಅರ್ಧಕ್ಕರ್ಧ ಈ ಸಡಿಲದಿಂದಲೇ ಬಂದವು ಎಂಬುದು ನನ್ನ ಲೆಕ್ಕ.

ಹಣ್ಣು ಬೀಳದ ಹಾಗೆ ಹಿಡಿದಿರುವುದು ನಾಲ್ಕು ಸ್ನಾಯು. ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್. ಹೆಸರುಗಳನ್ನು ಉರು ಹೊಡೆಯಲು ಸೀನಿಯರುಗಳು ಸೂತ್ರ ಹೇಳಿಕೊಡುತ್ತಾರೆ, ಕಲಿತುಕೋ. ಆದರೆ ಸೂತ್ರದಲ್ಲಿ ಇಲ್ಲದ್ದೊಂದಿದೆ. ಮೇಲೆ, ಹಿಂದೆ, ಮುಂದೆ ಕಾವಲಿದೆ, ಕೆಳಗೆ ಯಾರೂ ಇಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತವರನ್ನು ನೆನೆದುಕೋ: ತೋಳು ಮೇಲೆತ್ತಿದೆ, ಹೊರಕ್ಕೆ ತಿರುಗಿದೆ. ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ ಏಟಿಗೆ ದೇಹ ಮುಂದೆ, ಕೈ ಹಿಂದೆ. ಹ್ಯೂಮರಸ್‌ನ ತಲೆ ಕೆಳಗಿನ ಬಡ ಜಾಗದಿಂದ ಹೊರಬಿದ್ದು ಮುಂದಕ್ಕೆ ಬಂದು ಕೂರುತ್ತದೆ. ಕಬಡ್ಡಿ ಅಂಕಣದಲ್ಲಿ ರೈಡರ್ ಕೈಯನ್ನು ಹಿಂದಿನಿಂದ ಎಳೆದಾಗ ಆಗುವುದೂ ಇದೇ. ಕೀಲು ತಪ್ಪಿದ ಹೆಗಲಿನ ದುಂಡುತನ ಹೋಗಿ ಅಕ್ರೋಮಿಯಾನ್ ಕೆಳಗೆ ತಗ್ಗು ಬಿದ್ದಿರುತ್ತದೆ. ಹೆಗಲ ಮೇಲಿನ ಡೆಲ್ಟಾಯ್ಡ್ ಸ್ನಾಯುವಿಗೆ ದುಂಡಗಿನ ಆಕಾರ ಕೊಟ್ಟಿದ್ದು ಒಳಗಿದ್ದ ಎಲುಬು ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಈ ಮಾತನ್ನು ಗಂಟು ಕಟ್ಟಿಟ್ಟುಕೋ. ಹ್ಯೂಮರಸ್‌ನ ಕುತ್ತಿಗೆಯನ್ನು ಸುತ್ತಿಕೊಂಡು ಆಕ್ಸಿಲರಿ ನರ ಹೋಗುತ್ತದೆ. ಕೀಲು ತಪ್ಪಿದಾಗ ಅದು ಜಗ್ಗಿ ಪೆಟ್ಟಾಗಬಹುದು. ಪೊಲೀಸರು ರಟ್ಟೆಗೆ ಪಟ್ಟಿ ಹೊಲಿಸುವ ಜಾಗವಿದೆಯಲ್ಲ, ಅಲ್ಲಿ ಹತ್ತಿಯಿಂದ ಸವರಿ ಸ್ಪರ್ಶ ಇದೆಯೇ ನೋಡಬೇಕು. ಕೀಲು ಕೂರಿಸಿದ ಮೇಲಲ್ಲ, ಕೂರಿಸುವ ಮೊದಲು. ನೋಡಿದ್ದನ್ನು ಕೇಸ್ ಶೀಟಿನಲ್ಲಿ ಸಮಯ ಸಮೇತ ಬರೆ. ಬರೆಯದೆ ಬಿಟ್ಟು ಆಮೇಲೆ ಮರಗಟ್ಟಿದ್ದು ಕಂಡರೆ, ಅದು ಬಿದ್ದಾಗ ಆಗಿದ್ದೋ ನೀನು ಎಳೆದಾಗ ಆಗಿದ್ದೋ ಎಂದು ಯಾರಿಗೂ ಹೇಳಲಾಗದು.

ಇಷ್ಟು ಹೇಳಿದ್ದು ಒಂದೇ ಕೀಲಿನ ಕತೆ. ಆದರೆ ಹೆಗಲು ಒಂಟಿಯಾಗಿ ಆಡುವುದಿಲ್ಲ. ರೂಮ್‌ಮೇಟ್‌ಳನ್ನು ಬೆನ್ನು ಮಾಡಿ ನಿಲ್ಲಿಸು, ಸ್ಕ್ಯಾಪುಲಾದ ಕೆಳತುದಿಗೆ ನಿನ್ನ ಹೆಬ್ಬೆರಳು ಒತ್ತಿ ಹಿಡಿ, ಅವಳು ಪಕ್ಕದಿಂದ ಕೈಯನ್ನು ನಿಧಾನಕ್ಕೆ ತಲೆಯ ಮೇಲಕ್ಕೆತ್ತಲಿ. ಶುರುವಿನಲ್ಲಿ ಹೆಬ್ಬೆರಳು ಇದ್ದಲ್ಲೇ ಇರುತ್ತದೆ. ಆಮೇಲೆ ಎಲುಬು ನಿನ್ನ ಬೆರಳ ಕೆಳಗೇ ಹೊರಕ್ಕೆ ಸರಿದು ಪಕ್ಕೆಯ ಕಡೆ ಹೊರಟುಬಿಡುತ್ತದೆ. ಒಟ್ಟು 180 ಡಿಗ್ರಿಯಲ್ಲಿ ಸುಮಾರು 120 ಹೆಗಲ ಕೀಲಿನದು, ಮಿಕ್ಕ 60 ಸ್ಕ್ಯಾಪುಲಾ ತಿರುಗಿ ಕೊಟ್ಟದ್ದು. ಡೆಲ್ಟಾಯ್ಡ್ ಎಷ್ಟೇ ಬಲವಾಗಿದ್ದರೂ ಸೆರೇಟಸ್, ಟ್ರಪೀಜಿಯಸ್ ಸ್ನಾಯುಗಳು ಸ್ಕ್ಯಾಪುಲಾವನ್ನು ತಿರುಗಿಸದಿದ್ದರೆ ಜಡೆಗೆ ಮಲ್ಲಿಗೆ ಮುಡಿಯಲಾಗದು. ಪುಸ್ತಕದ ಒಂದು ಪುಟ ಓದುವಷ್ಟು ಹೊತ್ತಿನಲ್ಲಿ ಇದನ್ನು ಇಬ್ಬರೂ ಒಬ್ಬರ ಮೇಲೊಬ್ಬರು ನೋಡಿಕೊಳ್ಳಬಹುದು.

ಇದು ಬೆರಳಿಗೆ ಗೊತ್ತಾದ ಮೇಲೆ ಫ್ರೋಜನ್ ಶೋಲ್ಡರ್ ನಿನ್ನನ್ನು ಏಮಾರಿಸಲಾರದು. ಕೀಲಿನ ಚೀಲವೇ ಬಿಗಿದು ಕುಗ್ಗಿರುತ್ತದೆ. ಆದರೂ ರೋಗಿ ಸ್ಕ್ಯಾಪುಲಾವನ್ನೇ ಎತ್ತಿ, ಹೆಗಲು ಏರಿಸಿ, ಕೈ ಒಂದಿಷ್ಟು ಮೇಲೆ ಹೋದಂತೆ ತೋರಿಸುತ್ತಾರೆ. ಮುಂದೆ ನಿಂತು ನೋಡಿದರೆ ಪರವಾಗಿಲ್ಲವಲ್ಲ ಅನ್ನಿಸುತ್ತದೆ, ಹಿಂದೆ ಹೋಗಿ ನಿಂತರೆ ಬಣ್ಣ ಬಯಲು. ಯಾರೂ ನಿನ್ನ ಬಳಿ ಬಂದು ರೊಟೇಶನ್ ಕಡಿಮೆಯಾಗಿದೆ ಅನ್ನುವುದಿಲ್ಲ. ಹೆಂಗಸರು ‘ಹಿಂದಿನ ಹುಕ್ ಹಾಕಿಕೊಳ್ಳೋಕ್ಕಾಗಲ್ಲ, ತಲೆ ಬಾಚೋಕ್ಕಾಗಲ್ಲ’ ಅನ್ನುತ್ತಾರೆ, ಗಂಡಸರು ಹಿಂದಿನ ಜೇಬಿನ ಪರ್ಸ್ ಮಾತು ತೆಗೆಯುತ್ತಾರೆ. ಕೈ ಬೆನ್ನಿಗೆ ಹೋಗಲು ತೋಳು ಒಳಕ್ಕೆ ತಿರುಗಬೇಕು, ತಲೆಗೆ ಹೋಗಲು ಹೊರಕ್ಕೆ. ಅವರು ಹೇಳಿದ್ದು ಪಕ್ಕಾ ಅನಾಟಮಿಯೇ, ಕೇಳಿಸಿಕೊಳ್ಳುವ ತಾಳ್ಮೆ ಬೇಕು ಅಷ್ಟೆ. ಮೊಣಕೈಯನ್ನು ಪಕ್ಕೆಗೆ ಒತ್ತಿಸಿ ಮುಂಗೈಯನ್ನು ಹೊರಕ್ಕೆ ನೀನೇ ತಿರುಗಿಸಿ ನೋಡು, ಮೊದಲು ಅಡ್ಡಿಯಾಗುವುದು ಆ ದಿಕ್ಕು. ಹಾಗೆ ಸಿಕ್ಕಿಹಾಕಿಕೊಂಡರೆ ಸಕ್ಕರೆ ಪರೀಕ್ಷೆ ಬರೆದುಕೊಡು. ಮಧುಮೇಹಿಗಳಲ್ಲಿ ಈ ಕಾಯಿಲೆ ಬೇರೆಯವರಿಗಿಂತ ಬಹಳ ಹೆಚ್ಚು, ನಮ್ಮಲ್ಲಿ ಎಷ್ಟೋ ಜನಕ್ಕೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗುವುದೇ ಹೆಗಲು ಹಿಡಿದ ಮೇಲೆ.

ರಟ್ಟೆಗೆ ಬರೋಣ. ನಿನ್ನ ಬ್ಯಾಚಿನ ಹುಡುಗರು ಜಿಮ್ಮಿನ ಕನ್ನಡಿ ಮುಂದೆ ಬೈಸೆಪ್ಸ್ ಉಬ್ಬಿಸಿಕೊಂಡು ನಿಲ್ಲುತ್ತಾರೆ. ಮೊಣಕೈ ಮಡಿಸುವ ಮುಖ್ಯ ದುಡಿಮೆ ಅದರ ಅಡಿಯಲ್ಲಿ ಮುಚ್ಚಿಹೋಗಿರುವ ಬ್ರೇಕಿಯಾಲಿಸ್‌ನದು, ಹೆಸರು ಮಾತ್ರ ಮೇಲಿನವನಿಗೆ. ಬೈಸೆಪ್ಸ್‌ನ ನಿಜವಾದ ಬಲ ಅಂಗೈಯನ್ನು ಮೇಲ್ಮುಖ ಮಾಡುವುದರಲ್ಲಿದೆ. ಮೊಣಕೈ ಮಡಿಸಿಕೊಂಡು ಬಲಗೈಯಲ್ಲಿ ಸ್ಕ್ರೂ ಬಿಗಿಸು, ಎಡಗೈಯನ್ನು ಬಲ ರಟ್ಟೆಯ ಮೇಲಿಡು. ಪ್ರತಿ ತಿರುವಿಗೂ ಅದು ಗಟ್ಟಿಯಾಗುತ್ತದೆ. ಅಂದ ಹಾಗೆ, ನಿಮಗೆ ಮೊದಲ ದಿನವೇ ಕಲಿಸುವ ಅನಾಟಮಿಕಲ್ ಪೊಸಿಷನ್‌ನಲ್ಲಿ ಅಂಗೈ ಮುಂದಕ್ಕೆ ತಿರುಗಿರಬೇಕು. ನಮ್ಮ ಶ್ರವಣಬೆಳಗೊಳದ ಗೊಮ್ಮಟ ಎಷ್ಟು ನೆಟ್ಟಗೆ ನಿಂತಿದ್ದರೂ ಆ ಒಂದು ವಿಷಯದಲ್ಲಿ ವೈವಾದಲ್ಲಿ ಫೇಲು!

ಮೊಣಕೈ ಮುಂದೆ ಬೈಸೆಪ್ಸ್‌ನ ತಂತಿಯಂಥ ಸ್ನಾಯುರಜ್ಜು ಸಿಗುತ್ತದೆ. ಅದರ ಒಳಮಗ್ಗುಲಲ್ಲಿ ಬ್ರೇಕಿಯಲ್ ಧಮನಿ ಮಿಡಿಯುತ್ತದೆ. 1905ರಲ್ಲಿ ರಷ್ಯದ ಕೊರಟ್ಕಾಫ್ ಇಲ್ಲಿ ಸ್ಟೆತಾಸ್ಕೋಪ್ ಇಟ್ಟು ಕೇಳಿದ ಸದ್ದಿನ ಮೇಲೆಯೇ ಬಿಪಿ ಅಳೆಯುವ ಪದ್ಧತಿ ನಿಂತಿದೆ. ಬೆರಳಿನಿಂದ ಮಿಡಿತ ಹುಡುಕಿಕೊಂಡು ಅದರ ಮೇಲೆ ಸ್ಟೆತ್ ಇಡು, ಅಂದಾಜಿನಲ್ಲಿ ಅಲ್ಲ.

ಹ್ಯೂಮರಸ್‌ಗೆ ಅಂಟಿಕೊಂಡೇ ಸಾಗುವ ನರ ಮೂರು. ಕುತ್ತಿಗೆಯಲ್ಲಿ ಆಕ್ಸಿಲರಿ, ಅದನ್ನು ಆಗಲೇ ಹೇಳಿದೆ. ಮೊಣಕೈ ಹಿಂದೆ ಅಲ್ನಾರ್, ಬೆಂಚಿಗೆ ತಗುಲಿದರೆ ಕಿರುಬೆರಳ ತನಕ ಜುಮ್ಮೆನ್ನುವುದು ಅದೇ. ನಡುವೆ, ಎಲುಬಿನ ಹಿಂಬದಿ ಓರೆಯಾಗಿ ಇಳಿಯುವುದು ರೇಡಿಯಲ್. ರಾತ್ರಿ ಬಸ್ಸಿನಲ್ಲಿ ಸೀಟಿನ ಬೆನ್ನಿನ ಮೇಲೆ ತೋಳು ನೇತುಹಾಕಿ ನಿದ್ದೆ ಹೋದವರು, ಕುಡಿದು ಕುರ್ಚಿಯಲ್ಲೇ ಒರಗಿದವರು ಬೆಳಿಗ್ಗೆ ಎದ್ದರೆ ಮಣಿಕಟ್ಟು ಜೋತುಬಿದ್ದಿರುತ್ತದೆ. ಮನೆಯವರು ‘ಲಕ್ವ ಹೊಡೀತು ಡಾಕ್ಟ್ರೇ’ ಅಂತ ಅಳುತ್ತಾ ಕರೆತರುತ್ತಾರೆ. ಮುಖ, ಕಾಲು, ಮಾತು ನೆಟ್ಟಗಿದೆಯೇ ಮೊದಲು ನೋಡು. ನಂತರ ಮೊಣಕೈ ನೀಡಲು ಹೇಳು. ನೀಡಲು ಬರುತ್ತದೆ, ಮಣಿಕಟ್ಟು ಏಳುವುದಿಲ್ಲ ಎಂದರೆ ಟ್ರೈಸೆಪ್ಸ್‌ಗೆ ಹೋಗುವ ಕವಲುಗಳು ಬಿಟ್ಟುಹೋದ ಮೇಲೆ ನರ ಒತ್ತಿದೆ ಎಂದು ಲೆಕ್ಕ. ಬರೀ ಒತ್ತಡದಿಂದಾದದ್ದು ವಾರಗಳಲ್ಲಿ ಬಹುಪಾಲು ತಾನೇ ಸರಿಹೋಗುತ್ತದೆ. ಅದನ್ನು ಹೇಳಿ ಅವರ ಅಳು ನಿಲ್ಲಿಸುವುದೂ ನಿನ್ನ ಕೆಲಸ.

2021ರಲ್ಲಿ ಕೋವಿಡ್ ಲಸಿಕೆಗೆಂದು ಊರಿಗೆ ಊರೇ ತೋಳು ತೋರಿಸಿಕೊಂಡು ಸಾಲು ನಿಂತಿತ್ತಲ್ಲ, ಆಗ ಹೆಗಲ ತುದಿಗೇ ಸೂಜಿ ಚುಚ್ಚಿಸಿಕೊಂಡು ತಿಂಗಳುಗಟ್ಟಲೆ ಕೈ ಎತ್ತಲಾರದೆ ಒದ್ದಾಡಿದವರನ್ನು ನಾನು ನೋಡಿದ್ದೇನೆ. ಅಕ್ರೋಮಿಯಾನ್ ಮುಟ್ಟಿ, ಅಲ್ಲಿಂದ ಎರಡು ಮೂರು ಬೆರಳು ಕೆಳಗೆ, ಸ್ನಾಯು ದಪ್ಪಗಿರುವಲ್ಲಿ ಚುಚ್ಚಬೇಕು. ಮೇಲಾದರೆ ಕೀಲಿನ ಚೀಲ.

ಕೊನೆಯದಾಗಿ ಕಂಕುಳು. ಅಲ್ಲಿ ಬರೀ ಕೊಬ್ಬು, ಎಲ್ಲಿ ಏನಿದೆ ಗೊತ್ತಾಗದೆ ತಬ್ಬಿಬ್ಬಾಗುತ್ತೀಯ. ಕತ್ತರಿ ಬದಿಗಿಟ್ಟು ಫೋರ್ಸೆಪ್ಸ್‌ನ ಮೊಂಡು ತುದಿಯಿಂದ ಬಿಡಿಸು. ಧಮನಿಯ ಸುತ್ತ ಇಂಗ್ಲಿಷಿನ ಎಮ್ ಅಕ್ಷರ ಹುಡುಕು: ಮಸ್ಕ್ಯುಲೋಕ್ಯುಟೇನಿಯಸ್, ಮೀಡಿಯನ್, ಅಲ್ನಾರ್ ನರಗಳು ಸೇರಿ ಆದದ್ದು. ಅದು ಸಿಕ್ಕರೆ ತೋಳಿನ ನರಜಾಲ ಬ್ರೇಕಿಯಲ್ ಪ್ಲೆಕ್ಸಸ್ ಇಡಿಯಾಗಿ ಸಿಕ್ಕಂತೆ. ಅದಕ್ಕೂ ಮೊದಲು ಪಕ್ಕೆಲುಬುಗಳ ಸಂದಿಯಿಂದ ಹೊರಟು ಕೊಬ್ಬನ್ನು ಹಾದು ರಟ್ಟೆಯ ಒಳಮೈಗೆ ಹೋಗುವ ಸಣ್ಣ ನರವೊಂದು ಅಡ್ಡ ಬರುತ್ತದೆ, ಇಂಟರ್‌ಕೋಸ್ಟೋಬ್ರೇಕಿಯಲ್. ಪ್ರತಿ ವರ್ಷ ಪ್ರತಿ ಟೇಬಲ್ಲಿನಲ್ಲೂ ಕಸವೆಂದು ಕತ್ತರಿಸಿ ಬಕೆಟ್ಟಿಗೆ ಹಾಕುವುದು ಇದನ್ನೇ. ಹಾಕಬೇಡ, ದಾರ ಕಟ್ಟಿ ಇಟ್ಟುಕೋ. ಹೃದಯದ ನೋವಿನ ಸುದ್ದಿ ಹೊತ್ತ ತಂತುಗಳು ಬೆನ್ನುಹುರಿಯಲ್ಲಿ ಈ ನರ ಹೊಕ್ಕುವ ಮಟ್ಟಕ್ಕೇ ಬಂದು ಸೇರುವುದರಿಂದ, ಎದೆಯಲ್ಲಿ ಹುಟ್ಟಿದ ನೋವು ಎಡತೋಳಿನ ಒಳಮಗ್ಗುಲಲ್ಲಿ ಹರಿದಂತೆ ಅನ್ನಿಸುತ್ತದೆ. ಐವತ್ತು ದಾಟಿದವರು ಎಡ ರಟ್ಟೆ ಸೆಳೆತ, ಬೆವರು ಎಂದರೆ ಹೆಗಲನ್ನು ಎಲ್ಲ ದಿಕ್ಕಿಗೂ ಆಡಿಸಿ ನೋಡು. ಆಡಿಸಿದಾಗ ನೋವು ಬದಲಾಗದಿದ್ದರೆ ಕಾಯಿಲೆ ಹೆಗಲಿನದಲ್ಲ ಎಂಬ ಗುಮಾನಿ ಬರಬೇಕು. ಬದಲಾದರೂ ಆ ವಯಸ್ಸಿಗೆ ಇಸಿಜಿ ತೆಗೆಸದೆ ಮುಲಾಮು ಬರೆದುಕೊಡಬೇಡ. ಬಲ ಹೆಗಲ ತುದಿಯ ನೋವೂ ಹಾಗೆಯೇ, ವಪೆಯ ಕೆಳಗೆ ಪಿತ್ತಕೋಶ ಕೆರಳಿದರೆ ಅಲ್ಲಿಗೆ ಬರುತ್ತದೆ. ಅಂಥವರನ್ನು ಮಲಗಿಸಿ ಹೊಟ್ಟೆಯ ಬಲಮೇಲ್ಭಾಗವನ್ನೂ ಒತ್ತಿ ನೋಡು.