ಜಿಗಿಯುವ ಜೇಡ: ಸಾಕಣೆ ಮತ್ತು ಛಾಯಾಚಿತ್ರ

ಸೊಪ್ಪಿನ ಮಡಿಯಾಗಲಿ, ಅವರೆಯ ಸಾಲಾಗಲಿ, ರೈತರ ಕಣ್ಣಿಗೆ ಮೊದಲು ಬೀಳುವುದು ಬೆಳೆ ತಿನ್ನುವ ಹುಳು. ಆ ಹುಳುವನ್ನು ತಿನ್ನುವ ಜೀವಿ ಕಣ್ಣಿಗೆ ಬೀಳುವುದು ಅಪರೂಪ. ಬಿದ್ದರೂ ಅದೂ ಒಂದು ಹುಳುವೇ ಎಂದೆಣಿಸಿ ಔಷಧಿ ಹೊಡೆಯುವವರು ಬಹಳ ಮಂದಿ. ಹೀಗೆ ಗುರುತು ಸಿಗದೆ ಸಾಯುವ ಜೀವಿಗಳಲ್ಲಿ ಜಿಗಿಯುವ ಜೇಡ ಮುಖ್ಯವಾದುದು. ಇದನ್ನು ಎರಡು ಮೂರು ವಾರ ಬಾಟಲಿಯಲ್ಲಿ ಸಾಕಿ, ಚಿತ್ರ ತೆಗೆದು, ಹಿಡಿದ ಜಾಗದಲ್ಲಿಯೇ ಬಿಟ್ಟುಬಿಡುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಿದೆ. ಹೊರದೇಶಗಳಲ್ಲಿ ಜಿಗಿಯುವ ಜೇಡಗಳ ಸಾಕಣೆ ಒಂದು ದೊಡ್ಡ ಹವ್ಯಾಸವೇ ಆಗಿದೆ. ನಮ್ಮ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಇದರಿಂದ ಸಿಗುವ ಲಾಭ ಬೇರೆ. ಒಂದು ಜೇಡ ಹೇಗೆ ಬೇಟೆಯಾಡುತ್ತದೆ, ಎಷ್ಟು ನಿಧಾನವಾಗಿ ಬೆಳೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಸಿಂಪರಣಾ ಯಂತ್ರವನ್ನು ಹೆಗಲಿಗೇರಿಸುವ ಮುನ್ನ ಒಮ್ಮೆ ಬೆಳೆಯೊಳಗೆ ಬಗ್ಗಿ ನೋಡುತ್ತಾರೆ.

ಎಲ್ಲಿ ಸಿಗುತ್ತವೆ?

ಬೆಂಗಳೂರಿನ ಶಿವಾಜಿನಗರದಿಂದ ಹೊರಟು, ಹಲಸೂರು, ಇಂದಿರಾನಗರಗಳನ್ನು ದಾಟಿ ಹಳೇ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಕೃಷ್ಣರಾಜಪುರ ಸಿಗುತ್ತದೆ, ಅದರಾಚೆಗೆ ಹೊಸಕೋಟೆ. 2007ರಲ್ಲಿ ಕೃಷ್ಣರಾಜಪುರ ಬೆಂಗಳೂರು ಮಹಾನಗರಕ್ಕೆ ಸೇರಿತು. ಅಲ್ಲಿನ ಹೊಲಗಳ ಮೇಲೆ ಬಡಾವಣೆಗಳು ಎದ್ದಿವೆ. ಆದರೂ ಹೊಸಕೋಟೆಯ ಕಡೆಗೆ ಸಾಗಿದಂತೆ ಸೊಪ್ಪು, ತರಕಾರಿ, ಅವರೆ ಬೆಳೆಯುವ ತಾಕುಗಳು ಇನ್ನೂ ಕಾಣುತ್ತವೆ. ಈ ದಾರಿಯುದ್ದಕ್ಕೂ, ದಂಡು ಪ್ರದೇಶದ ಹಳೆಯ ಕಾಂಪೌಂಡು ಗೋಡೆಯಿಂದ ಹಿಡಿದು ಹೊಲದ ಬೇಲಿಯವರೆಗೆ, ಜಿಗಿಯುವ ಜೇಡ ಇಲ್ಲದ ಜಾಗವಿಲ್ಲ. ಆದುದರಿಂದ ಸಾಕುವುದಕ್ಕೆ ಹೊರಗಿನಿಂದ ಜೇಡ ತರಿಸುವ ಅಗತ್ಯವೇ ಇಲ್ಲ. ಅಮೆರಿಕದ ಫಿಡಿಪಸ್ ಜಾತಿಯ ಜೇಡಗಳನ್ನು ಹಣ ಕೊಟ್ಟು ಕೊಳ್ಳುವ ಹುಚ್ಚು ನಮಗೆ ಬೇಡ. ಅನ್ಯದೇಶದ ಜೀವಿಗಳು ತಪ್ಪಿಸಿಕೊಂಡರೆ ಏನಾಗಬಹುದೆಂಬುದಕ್ಕೆ ನಮ್ಮ ಹೊಲಗಳಲ್ಲಿ ಪಾರ್ಥೇನಿಯಂ ಕಳೆಯೇ ಸಾಕ್ಷಿಯಾಗಿದೆ.

ಪ್ರಪಂಚದಲ್ಲಿ ಈವರೆಗೆ ಹೆಸರಿಟ್ಟಿರುವ ಜೇಡಗಳು 50,000ಕ್ಕೂ ಮಿಗಿಲು. ಅವುಗಳಲ್ಲಿ 6,000ಕ್ಕಿಂತ ಹೆಚ್ಚು ಜಾತಿಗಳು ಜಿಗಿಯುವ ಜೇಡಗಳ ಕುಟುಂಬಕ್ಕೇ ಸೇರಿವೆ. ಇವು ಬಲೆ ಕಟ್ಟಿ ಕಾಯುವುದಿಲ್ಲ. ಬೆಕ್ಕಿನಂತೆ ಹೊಂಚು ಹಾಕಿ, ಹತ್ತಿರ ಸರಿದು, ಮೇಲೆ ನೆಗೆಯುತ್ತವೆ. ಗುರುತು ಹಿಡಿಯುವುದು ಸುಲಭ. ಮೈ ಗಿಡ್ಡ, ಮುಖ ಚಪ್ಪಟೆ, ಮುಖದ ನಡುವೆ ಲಾರಿಯ ದೀಪಗಳಂತಹ ಎರಡು ದೊಡ್ಡ ಕಣ್ಣುಗಳು. ಬೆರಳು ಹತ್ತಿರ ಒಯ್ದರೆ ಓಡಿಹೋಗುವ ಮೊದಲು ತಿರುಗಿ ನಿಮ್ಮನ್ನು ನೋಡುವ ಜೇಡ ಇದೊಂದೇ ಎಂದರೆ ಹೆಚ್ಚಲ್ಲ.

ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಕೆಲವನ್ನು ಹೇಳಬಹುದು. ಬಿಸಿಲು ಬಿದ್ದ ಗೋಡೆಯ ಮೇಲೆ ಚಪ್ಪಟೆಯಾಗಿ ಹರಿದಾಡುವ ಬೂದು ಬಣ್ಣದ್ದು ಮೆನೆಮೆರಸ್. ಮನೆಯೊಳಗೂ ದನದ ಕೊಟ್ಟಿಗೆಯಲ್ಲೂ ನೊಣ ಹಿಡಿಯುತ್ತ ಇರುವುದು ಪ್ಲೆಕ್ಸಿಪಸ್ ಪೇಕುಲ್ಲಿ. ಇದರ ಗಂಡಿಗೆ ಕಪ್ಪು ಮೈ ಮೇಲೆ ಬಿಳಿ ಪಟ್ಟೆಗಳಿರುತ್ತವೆ, ಹೆಣ್ಣು ಕಂದು. ಸುಮಾರು 10 ಮಿ.ಮೀ. ಉದ್ದ. ಸಾಕುವುದನ್ನು ಕಲಿಯಲು ಇದು ಅತ್ಯುತ್ತಮ. ಗಿಡಗಳ ಎಲೆಯ ಮೇಲೆ ಹಳದಿ ಮಿಶ್ರಿತ ಬಿಳಿ ಮೈಯಲ್ಲಿ ಎರಡು ಕೆಂಪು ಗೆರೆಗಳುಳ್ಳ ಟೆಲಮೋನಿಯದ ಹೆಣ್ಣು ಸಿಗುತ್ತದೆ. ಸುಮಾರು 2002ರಲ್ಲಿ ಈ ಬಡಪಾಯಿಯನ್ನು ಶೌಚಾಲಯದಲ್ಲಿ ಅಡಗಿ ಕಚ್ಚಿ ಕೊಲ್ಲುವ ಜೇಡವೆಂದು ಹೊರದೇಶಗಳಲ್ಲಿ ಸುಳ್ಳು ಸುದ್ದಿ ಹಬ್ಬಿಸಲಾಗಿತ್ತು. ಇದರಿಂದ ಮನುಷ್ಯನಿಗೆ ಯಾವ ಅಪಾಯವೂ ಇಲ್ಲ. ಇನ್ನು ಮಾವಿನ ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಜಿಗ ಇರುವೆಯ ವೇಷ ಹಾಕಿದ ಜೇಡವೂ ಒಂದುಂಟು. ಅದು ಮುಂಗಾಲುಗಳನ್ನು ಇರುವೆಯ ಮೀಸೆಯಂತೆ ಎತ್ತಿ ಆಡಿಸುತ್ತದೆ. ಹೆದರಿಸಿದರೆ ಎಳೆ ಬಿಟ್ಟು ನೇತಾಡುತ್ತದೆ. ಇರುವೆಗೆ ಈ ವಿದ್ಯೆ ಬಾರದು.

ಹೊಸ ಜಾತಿಗಳು ಸಿಗುವ ಕಾಲ ಮುಗಿದಿಲ್ಲ. 2024ರಲ್ಲಿ ವಿಜ್ಞಾನಿಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಒಂದು ಜಿಗಿಯುವ ಜೇಡಗಳ ಗುಂಪಿಗೆ 'ತೆಂಕಣ' ಎಂದು ಅಚ್ಚಗನ್ನಡದ ಹೆಸರನ್ನೇ ಇಟ್ಟರು. ಅದರಲ್ಲಿ ಕರ್ನಾಟಕದ ಎರಡು ಜಾತಿಗಳಿಗೆ ನಮ್ಮ ನದಿಗಳ ಹೆಸರಿದೆ: ಒಂದಕ್ಕೆ ಅರ್ಕಾವತಿ, ಇನ್ನೊಂದಕ್ಕೆ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ. ಇವು ದಟ್ಟ ಕಾಡಿನವಲ್ಲ. ಒಣ ಪ್ರದೇಶದ ನೆಲದ ಮೇಲೆ ಓಡಾಡುವಂತಹವು. ಬಯಲುಸೀಮೆಯ ಬದುಗಳನ್ನು ಬರಡೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಹಿಡಿಯುವುದು ಮತ್ತು ಇಡುವುದು

ಬರಿಗೈಯಲ್ಲಿ ಹಿಡಿಯಬಾರದು. ಕಚ್ಚುತ್ತದೆಂಬ ಭಯಕ್ಕಲ್ಲ, ಬೆರಳ ನಡುವೆ ಸಿಕ್ಕಿ ಕಾಲು ಮುರಿಯುತ್ತದೆಂದು. ಒಂದು ಗಾಜಿನ ಲೋಟವನ್ನು ಅದರ ಮೇಲೆ ನಿಧಾನವಾಗಿ ಮಗುಚಿ, ಕೆಳಗಿನಿಂದ ಪೋಸ್ಟ್ ಕಾರ್ಡಿನಷ್ಟು ಗಟ್ಟಿಯಾದ ಕಾಗದವನ್ನು ಸರಿಸಿದರೆ ಸಾಕು. ಮೊಟ್ಟೆಗೂಡಿನ ಮೇಲೆ ಕುಳಿತ ಹೆಣ್ಣನ್ನು ಹಿಡಿಯಕೂಡದು.

ಮನೆಯಲ್ಲಿ ಖಾಲಿಯಾದ ಅಗಲ ಬಾಯಿಯ ಪಾರದರ್ಶಕ ಡಬ್ಬಿ, 12ರಿಂದ 15 ಸೆಂ.ಮೀ. ಎತ್ತರದ್ದು, ಸಾಕಾಗುತ್ತದೆ. ಬಾಯಿಗೆ ತೆಳುವಾದ ಮಲ್ಲು ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಬೇಕು. ಒಳಗೆ ಒಂದು ಒಣ ಕಡ್ಡಿಯನ್ನು ಓರೆಯಾಗಿಟ್ಟು, ಮೇಲ್ಭಾಗದಲ್ಲಿ ಮಡಿಸಿದ ಕಾಗದದ ಚೂರೊಂದನ್ನು ಸಿಕ್ಕಿಸಿರಿ. ಜೇಡವು ಅಲ್ಲಿ ರೇಷ್ಮೆಯ ಚೀಲ ನೇಯ್ದು ರಾತ್ರಿ ಮಲಗುತ್ತದೆ. ಡಬ್ಬಿಯನ್ನು ಬೆಳಕಿರುವ ಕಿಟಕಿಯ ಬಳಿ ಇಡಬಹುದು, ನೇರ ಬಿಸಿಲಿಗೆ ಮಾತ್ರ ಇಡಬಾರದು. ಮುಚ್ಚಿದ ಡಬ್ಬಿ ಬಿಸಿಲಿನಲ್ಲಿ ಅರ್ಧ ಗಂಟೆಯೊಳಗೆ ಕುಲುಮೆಯಾಗುತ್ತದೆ. ಒಂದು ಡಬ್ಬಿಗೆ ಒಂದೇ ಜೇಡ. ಎರಡನ್ನು ಬಿಟ್ಟರೆ ಮರುದಿನ ಒಂದೇ ಉಳಿದಿರುವ ಸಂಭವ ಹೆಚ್ಚು.

ನೀರನ್ನು ತಟ್ಟೆಯಲ್ಲಿ ಇಡುವುದಕ್ಕಿಂತ, ದಿನ ಬಿಟ್ಟು ದಿನ ಡಬ್ಬಿಯ ಒಂದು ಪಕ್ಕಕ್ಕೆ ನಾಲ್ಕೈದು ಹನಿ ಚಿಮುಕಿಸುವುದು ಉತ್ತಮ. ಜೇಡ ಹನಿಗೆ ಬಾಯಿ ಹಚ್ಚಿ ಕುಡಿಯುವುದನ್ನು ಆಗ ಕಾಣಬಹುದು. ಸದಾ ತೇವವಿದ್ದರೆ ಬೂಷ್ಟು ಬಂದು ಜೇಡ ಸಾಯುತ್ತದೆ.

ಆಹಾರವು ಜೀವಂತವಾಗಿರಬೇಕು, ಚಲಿಸಬೇಕು. ದೊಡ್ಡ ಜೇಡಕ್ಕೆ ಎರಡು ಮೂರು ದಿನಕ್ಕೊಂದು ಮನೆನೊಣ ಅಥವಾ ಸಣ್ಣ ಪತಂಗ ಸಾಕು. ಮರಿಗಳಿಗೆ ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳನ್ನು ಕೊಡಬೇಕು. ಹಣ್ಣಿನ ತುಂಡನ್ನು ಶೀಶೆಯಲ್ಲಿಟ್ಟು ಒಂದು ದಿನ ತೆರೆದಿಟ್ಟರೆ ಅವು ತಾವಾಗಿ ಬಂದು ಸಂತಾನ ಬೆಳೆಸುತ್ತವೆ. ಬೇಟೆಯು ಜೇಡಕ್ಕಿಂತ ದೊಡ್ಡದಾಗಿರಬಾರದು. ಉದರ ದುಂಡಗಾಗಿದ್ದರೆ ಹೊಟ್ಟೆ ತುಂಬಿದೆಯೆಂದೂ, ಸುಕ್ಕಾಗಿ ಸಣ್ಣಗಾಗಿದ್ದರೆ ಹಸಿದಿದೆ ಅಥವಾ ಬಾಯಾರಿದೆ ಎಂದೂ ತಿಳಿಯಬೇಕು. ಔಷಧಿ ಹೊಡೆದ ತಾಕಿನಿಂದ ಹಿಡಿದು ತಂದ ಹುಳುಗಳನ್ನು ಎಂದಿಗೂ ಕೊಡಕೂಡದು. ಸೊಳ್ಳೆಗೆ ಔಷಧಿ ಸಿಂಪಡಿಸುವ ಕೋಣೆಯಲ್ಲಿಯೂ ಡಬ್ಬಿ ಇಡಬಾರದು.

ಕೆಲವು ದಿನ ಜೇಡ ಏನನ್ನೂ ತಿನ್ನದೆ ಚೀಲದೊಳಗೆ ಸೇರಿಕೊಂಡರೆ ಗಾಬರಿಯಾಗಬೇಕಾಗಿಲ್ಲ. ಅದು ಪೊರೆ ಕಳಚುವ ಸಮಯ. ಆಗ ಚೀಲವನ್ನು ಬಿಡಿಸಿ ನೋಡುವುದಾಗಲಿ, ಒಳಗೆ ಜೀವಂತ ಹುಳು ಬಿಡುವುದಾಗಲಿ ಮಾಡಬಾರದು. ಮೆತ್ತನೆಯ ಮೈಯ ಜೇಡವನ್ನು ಬೇಟೆಯೇ ಕಚ್ಚಿ ಗಾಯಗೊಳಿಸಬಹುದು. ಹೊರಬಂದ ಮೇಲೆ ಒಂದೆರಡು ದಿನ ಬಿಟ್ಟು ಆಹಾರ ಕೊಡಿ. ಡಬ್ಬಿಯಲ್ಲಿ ಉಳಿದ ಪೊರೆಯನ್ನು ತೆಗೆದಿಡಿ. ಊರಿನ ಶಾಲೆಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠ ಸಾಮಗ್ರಿ ಬೇರೆ ಬೇಕಿಲ್ಲ.

ಏನನ್ನು ನೋಡಬೇಕು?

ಸಾಕಿದ ಮೇಲೆ ನೋಡುವುದೇ ಮುಖ್ಯ ಕೆಲಸ. ನೊಣ ಬಿಟ್ಟ ಕೂಡಲೇ ಜೇಡ ತಿರುಗುತ್ತದೆ. ಪಕ್ಕದ ಸಣ್ಣ ಕಣ್ಣುಗಳು ಚಲನೆಯನ್ನು ಕಂಡು ಹೇಳುತ್ತವೆ. ಮುಂದಿನ ಎರಡು ದೊಡ್ಡ ಕಣ್ಣುಗಳು ಅದು ಏನೆಂದು ಪರಿಶೀಲಿಸುತ್ತವೆ. ಈ ದೊಡ್ಡ ಕಣ್ಣುಗಳ ಮಸೂರ ಅಲುಗುವುದಿಲ್ಲ, ಹಿಂದಿನ ಅಕ್ಷಿಪಟಲ ಒಳಗೇ ಸರಿದಾಡುತ್ತದೆ. ದೂರವನ್ನು ಅಳೆಯುವುದು ಹೇಗೆಂಬುದನ್ನು 2012ರಲ್ಲಿ ಜಪಾನಿನ ವಿಜ್ಞಾನಿಗಳು ಮನೆಗಳಲ್ಲಿ ಕಾಣುವ ಹಸಾರಿಯಸ್ ಜೇಡದಲ್ಲಿ ತೋರಿಸಿಕೊಟ್ಟರು. ಅಕ್ಷಿಪಟಲದ ಒಂದು ಪದರದಲ್ಲಿ ಚಿತ್ರ ಸ್ಪಷ್ಟ, ಇನ್ನೊಂದರಲ್ಲಿ ಮಸುಕು. ಮಸುಕು ಎಷ್ಟೆಂಬುದರಿಂದ ದೂರ ತಿಳಿಯುತ್ತದೆ. ಹಸಿರು ಬೆಳಕಿನಲ್ಲಿ ನೆಗೆತ ಗುರಿ ಮುಟ್ಟಿತು. ಕೆಂಪು ಬೆಳಕಿನಲ್ಲಿ ಬೇಟೆಗಿಂತ ಮುಂಚೆಯೇ ಬಿದ್ದಿತು.

ನೆಗೆಯುವ ಮೊದಲು ಹಿಂಬದಿಯಿಂದ ಒಂದು ಎಳೆಯನ್ನು ಅಂಟಿಸುವುದನ್ನೂ ಗಮನಿಸಿರಿ. ಗಾರೆ ಕೆಲಸದವರ ಸೊಂಟದ ಹಗ್ಗದಂತೆ ಅದು ಬಿದ್ದರೆ ತಡೆಯುತ್ತದೆ. ನೆಗೆತದ ಬಲವಾದರೂ ಮಿಡತೆಯಂತೆ ದಪ್ಪ ತೊಡೆಯಿಂದ ಬರುವುದಿಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಹಿಂಗಾಲುಗಳಿಗೆ ನೂಕಿ ಅವನ್ನು ಥಟ್ಟನೆ ಚಾಚುತ್ತದೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಬಲ್ಲ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರ ತೆಗೆಯುವುದು

ಇದಕ್ಕೆ ದುಬಾರಿ ಕ್ಯಾಮರಾ ಬೇಕಿಲ್ಲ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು. ಅದನ್ನು ಜೇಡದಿಂದ ಎರಡು ಬೆರಳಗಲ ದೂರದಲ್ಲಿ ಹಿಡಿದು, ಕೈಯನ್ನು ಮೇಜಿಗೆ ಊರಿ, ಮೊಬೈಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹತ್ತಾರು ಚಿತ್ರ ತೆಗೆಯಬೇಕು. ಅವುಗಳಲ್ಲಿ ಒಂದೆರಡು ಸ್ಪಷ್ಟವಾಗಿ ಬಂದರೆ ಲಾಭವೆಂದೇ ತಿಳಿಯಿರಿ. ಬೆಳಗಿನ ಎಳೆಬಿಸಿಲು ಒಳ್ಳೆಯದು. ಬಿಸಿಲು ಬಲಿತರೆ ಬಿಳಿ ಟ್ರೇಸಿಂಗ್ ಕಾಗದವನ್ನು ಅಡ್ಡ ಹಿಡಿದು ಬೆಳಕನ್ನು ಮೆತ್ತಗೆ ಮಾಡಿಕೊಳ್ಳಬೇಕು. ಕಣ್ಣು ಸ್ಪಷ್ಟವಾಗಿದ್ದರೆ ಉಳಿದದ್ದು ಮಸುಕಾದರೂ ನಡೆಯುತ್ತದೆ. ಬೇಟೆಯನ್ನು ತಿನ್ನುತ್ತಿರುವಾಗ ಅಥವಾ ನೀರು ಕುಡಿಯುತ್ತಿರುವಾಗ ಜೇಡ ಅಲುಗಾಡದೆ ನಿಲ್ಲುತ್ತದೆ, ಅದೇ ಸುಸಮಯ. ಕೆಲವೊಮ್ಮೆ ಲೆನ್ಸಿನಲ್ಲಿ ತನ್ನದೇ ಪ್ರತಿಬಿಂಬ ಕಂಡು, ಎದುರಾಳಿಯೆಂದು ಮುಂಗಾಲೆತ್ತಿ ನಿಲ್ಲುವುದೂ ಉಂಟು.

ಜೇಡವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಿ ಚಿತ್ರ ತೆಗೆಯುವ ಪದ್ಧತಿ ಕೆಲವರಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಹಿಂಸೆಯ ಮಾತು ಹಾಗಿರಲಿ, ಕಾಲು ಮುದುರಿಕೊಂಡ ಜೇಡದ ಚಿತ್ರದಿಂದ ಹೊಲದಲ್ಲಿ ಅದನ್ನು ಗುರುತಿಸಲು ಏನೂ ಸಹಾಯವಾಗದು.

ಚಿತ್ರವು ಚೆಂದಕ್ಕಿಂತ ಗುರುತಿಗೆ ಒದಗಬೇಕು. ಪ್ರತಿ ಜೇಡಕ್ಕೂ ಮೇಲಿನಿಂದ ಒಂದು, ಮುಖದ ಕಡೆಯಿಂದ ಒಂದು, ಪಕ್ಕದಿಂದ ಒಂದು ಚಿತ್ರ ಬೇಕು. ಮೇಲಿನ ಚಿತ್ರ ತೆಗೆಯುವಾಗ ಮಕ್ಕಳ ಗ್ರಾಫ್ ಕಾಗದವನ್ನು ಕೆಳಗೆ ಹಾಸಿದರೆ ಮಿಲಿಮೀಟರುಗಳಲ್ಲಿ ಅಳತೆಯೂ ಸಿಗುತ್ತದೆ. ಮುಖದ ಚಿತ್ರದಲ್ಲಿ ಬಾಯಿಯ ಪಕ್ಕದ ಎರಡು ಗಿಡ್ಡ ಅಂಗಗಳ ತುದಿ ಗುಂಡಾಗಿ ಊದಿಕೊಂಡಿದ್ದರೆ ಅದು ಬೆಳೆದ ಗಂಡು. ತಾರೀಖು, ಊರು, ಬೆಳೆ, ಗಿಡದ ಯಾವ ಭಾಗ ಎಂಬುದನ್ನು ಅಂದೇ ಬರೆದಿಡಬೇಕು. ಬರೀ ಚಿತ್ರದಿಂದ ಜಾತಿಯನ್ನು ಖಚಿತವಾಗಿ ಹೇಳಲು ಎಲ್ಲ ಜೇಡಗಳಲ್ಲಿಯೂ ಸಾಧ್ಯವಿಲ್ಲ. ಅನೇಕವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತೀರ್ಮಾನಿಸಬೇಕು. ಆದರೆ ಸಿಂಪರಣೆಯ ನಿರ್ಧಾರಕ್ಕೆ ಜಾತಿಯ ಹೆಸರು ಬೇಕಾಗುವುದಿಲ್ಲ. ಇದು ಜೇಡ, ಬೆಳೆ ತಿನ್ನುವುದಲ್ಲ ಎಂದು ತಿಳಿದರೆ ಕೆಲಸ ಆಯಿತು.

ಹೊಲಕ್ಕೆ ಇದರಿಂದ ಏನು?

ನಾನು ಬೇಸಾಯಶಾಸ್ತ್ರದವನು, ಕೀಟಶಾಸ್ತ್ರದವನಲ್ಲ. ಆದುದರಿಂದ ಲೆಕ್ಕವನ್ನು ದಿನಗಳಲ್ಲಿ ಹಾಕಿ ನೋಡುವುದು ನನ್ನ ರೂಢಿ. ಸಸ್ಯಹೇನು ಸುಮಾರು ಒಂದು ವಾರದಿಂದ ಹತ್ತು ದಿನದಲ್ಲಿ ಮರಿಹಾಕುವ ವಯಸ್ಸಿಗೆ ಬರುತ್ತದೆ. ಭತ್ತದ ಕಂದು ಜಿಗಿಹುಳು ಮೂರು ನಾಲ್ಕು ವಾರಗಳಲ್ಲಿ ಒಂದು ಪೀಳಿಗೆ ಮುಗಿಸುತ್ತದೆ. ಜಿಗಿಯುವ ಜೇಡಕ್ಕಾದರೋ ಮೊಟ್ಟೆಯಿಂದ ಹೊರಬಂದು ಬೆಳೆದು ನಿಲ್ಲಲು ತಿಂಗಳುಗಳೇ ಬೇಕು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂತಹ ಔಷಧಿಗಳನ್ನು ಹೊಡೆದಾಗ ಹುಳುವೂ ಸಾಯುತ್ತದೆ, ಜೇಡವೂ ಸಾಯುತ್ತದೆ. ಹುಳು ತಿಂಗಳೊಳಗೆ ಮರಳುತ್ತದೆ. ಜೇಡ ಆ ಬೆಳೆಗೆ ಮರಳುವುದಿಲ್ಲ. ಭತ್ತದಲ್ಲಿ ಈ ಬಗೆಯ ಔಷಧಿಗಳ ನಂತರ ಕಂದು ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಉಲ್ಬಣಿಸಿದ್ದು ಏಷ್ಯಾದ ಹಲವು ದೇಶಗಳಲ್ಲಿ ಕಂಡ ಸಂಗತಿ. ಜೇಡಗಳೂ ಸೇರಿದಂತೆ ನೈಸರ್ಗಿಕ ಶತ್ರುಗಳು ನಾಶವಾದದ್ದು ಅದಕ್ಕೊಂದು ಮುಖ್ಯ ಕಾರಣ.

ಸೊಪ್ಪಿನಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ದಂಟು, ಮೆಂತ್ಯ, ಕೊತ್ತಂಬರಿಗಳನ್ನು ಬಿತ್ತಿದ ಸುಮಾರು ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳಿಗೆ ಕಿತ್ತು ಪೇಟೆಗೆ ಕಳುಹಿಸುತ್ತೇವೆ. ಇಂದು ಹೊಡೆದ ಔಷಧಿ ನಾಳಿದ್ದು ಯಾರದೋ ಮನೆಯ ಸಾರಿನಲ್ಲಿರುತ್ತದೆ. ತಪ್ಪಿಸಬಹುದಾದ ಒಂದೇ ಒಂದು ಸಿಂಪರಣೆ ತಪ್ಪಿದರೂ ಖರ್ಚು ಉಳಿಯಿತು, ತಿನ್ನುವವರ ಆರೋಗ್ಯವೂ ಉಳಿಯಿತು.

ಹಾಗೆಂದು ಜಿಗಿಯುವ ಜೇಡವನ್ನು ಸಾಕಿ ಹೊಲಕ್ಕೆ ಬಿಟ್ಟರೆ ಕೀಟಬಾಧೆ ನೀಗುತ್ತದೆಂದು ಯಾರೂ ಭಾವಿಸಬಾರದು. ಅದು ಸಿಕ್ಕಿದ್ದನ್ನು ತಿನ್ನುವ ಪ್ರಾಣಿ. ಜಿಗಿಹುಳು, ನೊಣ, ಸಣ್ಣ ಕೀಡೆಗಳ ಜೊತೆಗೆ ಒಮ್ಮೊಮ್ಮೆ ಜೇನುನೊಣವನ್ನೂ ಇನ್ನೊಂದು ಜೇಡವನ್ನೂ ಹಿಡಿಯುತ್ತದೆ. ಕಾಯಿ ಕೊರೆಯುವ ಹುಳು ಕಾಯಿಯೊಳಗೆ ಸೇರಿದ ಮೇಲೆ ಇದು ಏನೂ ಮಾಡಲಾರದು. ಇರುವ ಜೇಡಗಳನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿರುವ ಕೆಲಸ. ಬದುವಿನ ಹುಲ್ಲನ್ನು ಒಂದೇ ಸಲ ಸುಡಬಾರದು. ಸಿಂಪಡಿಸಲೇಬೇಕಾದಲ್ಲಿ ಹುಳು ಬಿದ್ದ ಮಡಿಗೆ ಮಾತ್ರ ಸಿಂಪಡಿಸಿ ಪಕ್ಕದ್ದನ್ನು ಬಿಡಬೇಕು.

ವಿಸ್ತರಣಾ ಕಾರ್ಯಕರ್ತರು ಅವರೆಯ ಹಂಗಾಮಿನಲ್ಲಿ ಇದನ್ನು ಗುಂಪಿನಲ್ಲಿ ಮಾಡಿಸಬಹುದು. ಬೆಳಗಿನ ಹೊತ್ತು ಗಿಡದ ಕೆಳಗೆ ಬಿಳಿ ಪಂಚೆ ಹಾಸಿ ಗಿಡವನ್ನು ಅಲುಗಿಸಿದರೆ ಹುಳುಗಳ ಜೊತೆಗೆ ಜೇಡಗಳೂ ಬೀಳುತ್ತವೆ. ಹತ್ತು ಗಿಡಗಳಿಗೆ ಹೀಗೆ ಮಾಡಿ ಎರಡನ್ನೂ ಬೇರೆ ಬೇರೆಯಾಗಿ ಎಣಿಸಿ ಬರೆಯಬೇಕು. ಔಷಧಿ ಹೊಡೆದ ತಾಕಿನಲ್ಲಿಯೂ ಹೊಡೆಯದ ತಾಕಿನಲ್ಲಿಯೂ ವಾರಕ್ಕೊಮ್ಮೆ ಎಣಿಸಿದರೆ ವ್ಯತ್ಯಾಸ ರೈತರಿಗೇ ಕಾಣುತ್ತದೆ. ಡಬ್ಬಿಯಲ್ಲಿ ಸಾಕಿ ಚಿತ್ರ ತೆಗೆದವರು ಈ ಪಂಚೆಯ ಮೇಲೆ ಅಕ್ಕಿಕಾಳಿನಷ್ಟಿರುವ ಮರಿಜೇಡವನ್ನೂ ತಪ್ಪದೆ ಗುರುತಿಸುತ್ತಾರೆ.

ಸಾಕಿದ ಜೇಡವನ್ನು ಮೂರು ವಾರ ಮೀರಿ ಇಟ್ಟುಕೊಳ್ಳುವ ಅಗತ್ಯವಿಲ್ಲ. ಡಬ್ಬಿಯೊಳಗೆ ಹೆಣ್ಣು ಮೊಟ್ಟೆಯಿಟ್ಟರೆ ಮಾತ್ರ ಮರಿಗಳು ಹೊರಬರುವವರೆಗೆ ಕಾಯಬೇಕು. ತಾಯಿ ಅಲ್ಲಿಯವರೆಗೆ ಗೂಡನ್ನು ಬಿಟ್ಟು ಹೋಗುವುದಿಲ್ಲ. ಅನಂತರ ಸಂಜೆಯ ತಂಪಿನಲ್ಲಿ, ಮಳೆಯಿಲ್ಲದಾಗ, ಹಿಡಿದ ಗಿಡದ ಬುಡದಲ್ಲಿ ಡಬ್ಬಿಯನ್ನು ಮಲಗಿಸಿ ಬಟ್ಟೆ ಬಿಚ್ಚಿದರೆ ಅವು ತಾವಾಗಿಯೇ ಹೊರಡುತ್ತವೆ. ಆ ತಾಕಿಗೆ ಹಿಂದಿನ ವಾರ ಔಷಧಿ ಬಿದ್ದಿದ್ದರೆ ಅಲ್ಲಿ ಬಿಡದೆ ಹತ್ತಿರದ ಬೇಲಿಗೆ ಬಿಡುವುದು ಸರಿ.