ಅಪ್ಪನ ಕೋವಿಗೆ ಸೀಸ ತುಂಬಲೇ?

ಪ್ರಶ್ನೆ: ನಾನು ಚನ್ನಪಟ್ಟಣದಲ್ಲಿ ಬೊಂಬೆ ಕೆಲಸ ಮಾಡುವವನು. ಅಪ್ಪ ತೆಂಗಿನಕಲ್ಲು ಕಾಡಂಚಿನ ಊರಿನಲ್ಲಿದ್ದಾರೆ, 68 ವರ್ಷ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ 12 ಬೋರಿನ ಒಂಟಿ ನಳಿಗೆ ಕೋವಿ ಇದೆ. ಆನೆ ಬಂದ ರಾತ್ರಿ ಗಾಳಿಯಲ್ಲಿ ಗುಂಡು ಹಾರಿಸಿದರೆ ಮಾರನೆಯ ದಿನ ಭುಜ ನೀಲಿಗಟ್ಟಿರುತ್ತದೆ. ಮರದ ಹಿಡಿ ಕೊರೆದು ಸೀಸ ಹೊಯ್ದರೆ ಒದೆತ ತಗ್ಗುತ್ತದಂತೆ. ಕೊರೆಯುವುದು ನನಗೆ ಕಷ್ಟವಲ್ಲ. ಮಾಡಲೇ?

ಉತ್ತರ: ಬೇಡಿ. ಅಪ್ಪನ ಭುಜದ ಮೇಲಿನ ನಿಮ್ಮ ಕಾಳಜಿ ದೊಡ್ಡದು. ಆದರೆ ಬಂದೂಕು ರಿಪೇರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು, ಅಪ್ಪನ ಲೈಸೆನ್ಸ್ ನಿಮ್ಮದಾಗುವುದಿಲ್ಲ. ಕರಗಿದ ಸೀಸ ಮರವನ್ನು ಒಳಗೇ ಸುಡುತ್ತದೆ. ಹಿಡಿಯ ಕತ್ತು ಬಿರುಕು ಬಿಟ್ಟರೆ ಅದು ಗೊತ್ತಾಗುವುದು ಗುಂಡು ಹಾರಿಸಿದಾಗಲೇ.

ತೂಕ ಹೆಚ್ಚಿದರೆ ಒದೆತ ಕಡಿಮೆ ಎಂಬುದು ನಿಜ. ಎಷ್ಟು ಕಡಿಮೆ ಎಂದು ನೋಡಿ. 3 ಕಿಲೋ ಕೋವಿಗೆ 300 ಗ್ರಾಂ ಸೇರಿಸಿದರೆ ಒದೆತದ ಶಕ್ತಿ ನೂರಕ್ಕೆ 9 ಪಾಲು ಇಳಿಯುತ್ತದೆ, ಅಷ್ಟೇ. ಆ ಭಾರವನ್ನು ಕತ್ತಲಲ್ಲಿ ಬದುವಿನ ಮೇಲೆ ಹೊರುವವರು ಅಪ್ಪ. ಅದೇ ವೇಗದ ತೋಟಾದಲ್ಲಿ 32 ಗ್ರಾಂ ಚರೆಯ ಬದಲು 28 ಗ್ರಾಂ ಇದ್ದರೆ ಸುಮಾರು 20 ಪಾಲು ಇಳಿಯುತ್ತದೆ. ಸದ್ದಿಗಾಗಿ ಹಾರಿಸುವವರಿಗೆ ಭಾರದ ತೋಟಾ ಏಕೆ? ಲೈಸೆನ್ಸ್ ಇರುವ ಅಂಗಡಿಯಲ್ಲಿ ಹಗುರದ್ದನ್ನೇ ಕೇಳಿ, ಹಿಡಿಯ ಹಿಂಬದಿಗೆ ರಬ್ಬರ್ ಪ್ಯಾಡನ್ನೂ ಅಲ್ಲೇ ಹಾಕಿಸಿ.

ನನ್ನ ಅನುಮಾನವೆಲ್ಲ ಅಪ್ಪ ಕೋವಿ ಹಿಡಿಯುವ ರೀತಿಯ ಮೇಲೆ. ಆಕಾಶಕ್ಕೆ ಗುರಿಯಿಡುವಾಗ ಹಿಡಿ ಜಾರಿ ಕೊರಳೆಲುಬಿನ ಮೇಲೆ ಕೂರುತ್ತದೆ. ಅದು ಭುಜದ ಗುಳಿಯಲ್ಲಿ, ಎದೆಯ ಮಾಂಸಕ್ಕೆ ಒತ್ತಿಕೊಂಡಿರಬೇಕು. ಒದೆತಕ್ಕೆ ಹೆದರಿ ಸಡಿಲ ಹಿಡಿದರೆ ಕೋವಿ ಓಡಿಬಂದು ಗುದ್ದುತ್ತದೆ. ತೆಂಗಿನ ಮರಕ್ಕೆ ಬೆನ್ನು ಕೊಟ್ಟು ನಿಲ್ಲುವ ಅಭ್ಯಾಸವಿದ್ದರೆ ಬಿಡಿಸಿ. ಮೈ ಹಿಂದಕ್ಕೆ ಸರಿಯಲು ಜಾಗವಿಲ್ಲದೆ ಪೆಟ್ಟೆಲ್ಲ ಭುಜಕ್ಕೇ ಬೀಳುತ್ತದೆ. ಒಂದು ಕಾಲು ಮುಂದಿಟ್ಟು ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ನೀಲಿಯನ್ನು ವೈದ್ಯರಿಗೆ ತೋರಿಸಲೇಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಈ ವಯಸ್ಸಿನಲ್ಲಿ ಒಬ್ಬರೇ ಆನೆಯೆದುರು ಹೋಗುವುದು ನನಗೆ ಭುಜದ ನೋವಿಗಿಂತ ದೊಡ್ಡ ಭಯ. ಮರಿ ಇರುವ ಹಿಂಡು ಸದ್ದಿಗೆ ಓಡದೆ ತಿರುಗಿ ಬೀಳಬಹುದು. ಆನೆ ಬಂದ ಸುಳಿವು ಸಿಕ್ಕ ಕೂಡಲೇ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಅಪ್ಪ ಮನೆಯೊಳಗೇ ಇರಲಿ. ಇದನ್ನು ಅಪ್ಪನಿಗೆ ಹೇಳಬೇಕಾದವರು ನೀವೇ. ನನ್ನ ಮಾತನ್ನು ಅವರು ಕೇಳಲಾರರು.

ನಿಮ್ಮ ಕೈಚಳಕಕ್ಕೂ ಇಲ್ಲಿ ಕೆಲಸವಿದೆ. ಹಾರಿಸಿದ ಖಾಲಿ ತೋಟಾದ ಅಳತೆ ತೆಗೆದುಕೊಂಡು ಆಲೆ ಮರದಲ್ಲಿ ಒಂದು ಹುಸಿ ತೋಟಾ ಕಡೆಯಿರಿ. ಕುದುರೆ ಬಡಿಯುವ ನಡುವಿನ ಜಾಗದಲ್ಲಿ ರಬ್ಬರಿನ ತುಂಡು ಕೂರಿಸಿ. ಅಸಲಿ ತೋಟಾ ಯಾವ ಬಣ್ಣದ್ದೋ ಆ ಬಣ್ಣ ಬಿಟ್ಟು ಬೇರೆ ಅರಗು ಹಚ್ಚಿ, ಕತ್ತಲಲ್ಲೂ ಬೆರಳಿಗೆ ತಿಳಿಯುವಂತೆ ಸುತ್ತ ಎರಡು ಗೀರು ಹಾಕಿ. ಅಸಲಿ ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿದ ಮೇಲೆ, ನಳಿಗೆ ಖಾಲಿಯೆಂದು ಬೆಳಕಿಗೆ ಹಿಡಿದು ನೋಡಿಕೊಂಡು, ಹಗಲಲ್ಲಿ ಅಪ್ಪ ಆ ಹುಸಿ ತೋಟಾ ಹಾಕಿ ಹಿಡಿತ ಅಭ್ಯಾಸ ಮಾಡಲಿ. ನೀವು ಪಕ್ಕದಲ್ಲಿ ನಿಂತು, ಹಿಡಿ ಎಲ್ಲಿ ಕೂರುತ್ತಿದೆ ಎಂದು ನೋಡಿ.