ಸುಸ್ತು ಒಂದೇ, ಕಾರಣ ಬೇರೆ

ನಮ್ಮ ಕಲಿಕಾ ಕೇಂದ್ರದ ಇಬ್ಬರು ಅಕ್ಕಂದಿರಿಗೆ ಸದಾ ಸುಸ್ತು. 'ಹೆಂಗಸರಿಗೆ ಇದು ಇದ್ದದ್ದೇ' ಅಂತ ಸುಮ್ಮನಿದ್ದರು. ನಾವು ಜೊತೆಗೆ ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆ ಆಯಿತು.

ಒಬ್ಬರಿಗೆ ಹಿಮೋಗ್ಲೋಬಿನ್ 8 ಇತ್ತು. ಬಸುರಿಯಲ್ಲದ ಹೆಂಗಸಿಗೆ 12 ಆದರೂ ಇರಬೇಕು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಮಾತ್ರೆ ಜೊತೆ ಚಹಾ ಬೇಡ ಅಂದರು.

ಇನ್ನೊಬ್ಬರಿಗೆ ರಕ್ತ ಸರಿಯಾಗೇ ಇತ್ತು. ಇನ್ನೊಂದು ಪರೀಕ್ಷೆ ಮಾಡಿದರು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅವರ ಮಾತ್ರೆಯೇ ಬೇರೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಬೇಕು.

ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಆಗದು. ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ಚೀಟಿ ಜೋಪಾನವಾಗಿ ಇಡೋಣ.

ಎರಡು ತಿಂಗಳಾದ ಮೇಲೆ ಮೊದಲನೇ ಅಕ್ಕ ಹೊಸ ಚೀಟಿ ತಂದರು. ತಾವೇ ಓದಿದರು: '11'. 'ಇನ್ನೊಂದು ಏರಬೇಕು' ಅಂದರು.